ಹೈಡ್ರೋಜೆಲ್ ಕೊಳವೆ ಬಾವಿಯ ನೀರಿಗೆ ಏಕೆ ಉಬ್ಬುವುದಿಲ್ಲ?

ಪ್ರಶ್ನೆ: ಹಿರಿಯೂರಿನ ಬಳಿ ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದೇನೆ. ಮಾರಾಟಗಾರರು ಒಂದು ಚಮಚ ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಪುಡಿ) ಹಾಕಿ ಲೋಟದ ತುಂಬ ಉಬ್ಬಿಸಿ ತೋರಿಸಿದ್ದರು. ನಮ್ಮ ಕೊಳವೆ ಬಾವಿಯ ನೀರಿಗೆ ಅದು ಕಾಲುಭಾಗವೂ ಉಬ್ಬಲಿಲ್ಲ. ಮಾಲು ನಕಲಿಯೇ? ಅವರೇ ಹೇಳುವ ‘ನ್ಯಾನೊ ಜೆಲ್’ ತರಿಸಲೇ?

ಉತ್ತರ: ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ, ಮತ್ತು ಕೇಳುವವರೆಲ್ಲ ಪುಡಿಯನ್ನು ಅನುಮಾನಿಸುತ್ತಾರೆಯೇ ಹೊರತು ತಮ್ಮ ನೀರನ್ನು ಯಾರೂ ಅನುಮಾನಿಸುವುದಿಲ್ಲ. ಮಾರಾಟಗಾರರ ಲೋಟದಲ್ಲಿದ್ದದ್ದು ಬಹುಶಃ ಶುದ್ಧ ನೀರಿನ ಘಟಕದಿಂದ ತಂದ ನೀರು. ಹೈಡ್ರೋಜೆಲ್ ಎಂದರೆ ಪಾಲಿಮರ್‌ನ, ಅಂದರೆ ಉದ್ದನೆಯ ಅಣು ಸರಪಳಿಗಳ ಜಾಲ. ಈ ಪಾಲಿಮರ್ ಸುತ್ತಲಿನ ಲವಣಕ್ಕೆ ಸ್ಪಂದಿಸುವಂಥದ್ದು. ಅದರ ಸರಪಳಿಗಳ ಮೇಲಿನ ಋಣ ವಿದ್ಯುದಂಶಕ್ಕೆ ಜೊತೆಯಾದ ಧನ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಜಾಲದೊಳಗೇ ಉಳಿಯುವುದರಿಂದ ಒಳಗೆ ಅಯಾನುಗಳು ಹೆಚ್ಚು, ಹೊರಗೆ ಕಡಿಮೆ. ಈ ವ್ಯತ್ಯಾಸವೇ ನೀರನ್ನು ಒಳಕ್ಕೆ ಎಳೆಯುತ್ತದೆ. ಹೊರಗಿನ ನೀರೇ ಸವಳಾದರೆ ಎಳೆತ ತಗ್ಗುತ್ತದೆ. ಶುದ್ಧ ನೀರಿನಲ್ಲಿ ತನ್ನ ತೂಕದ ಕೆಲವು ನೂರು ಪಟ್ಟು ಹೀರುವ ಪಾಲಿಅಕ್ರಿಲೇಟ್ ಎಂಬ ಇಂಥ ಪಾಲಿಮರ್, ಶೇ 0.9ರ ಉಪ್ಪುನೀರಿನಲ್ಲಿ ಕೆಲವು ಹತ್ತು ಪಟ್ಟಿಗೆ ಇಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೂ ಉಪದ್ರವಕಾರಿ: ಒಂದೊಂದು ಅಯಾನು ಎರಡೆರಡು ಕಡೆ ಹಿಡಿದು ಸರಪಳಿಗಳನ್ನು ಬಿಗಿಯುತ್ತದೆ, ಆಮೇಲೆ ಮಳೆ ಬಿದ್ದರೂ ಜೆಲ್ ಮೊದಲಿನಂತೆ ಉಬ್ಬುವುದಿಲ್ಲ.

ಕೊಳ್ಳುವ ಮೊದಲು ತಲಾ ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ಮಳೆನೀರಿನಲ್ಲೂ ಒಂದು ಲೀಟರ್ ಕೊಳವೆ ಬಾವಿಯ ನೀರಿನಲ್ಲೂ ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಹಿಂಡದೆ ತೂಗಿ. ಒಂದು ಗ್ರಾಂ ಅಳೆಯಲು ಅಕ್ಕಸಾಲಿಗರ ತಕ್ಕಡಿಯೇ ಬೇಕು, ಕಿರಾಣಿ ಅಂಗಡಿಯದು ಸಾಲದು. ಎಷ್ಟು ಗ್ರಾಂ ತೂಗಿತೋ ಹೆಚ್ಚುಕಡಿಮೆ ಅಷ್ಟು ಪಟ್ಟು ಹೀರಿದೆ ಎಂದರ್ಥ. ಎರಡನೆಯ ತೂಕ ತೀರ ಕಡಿಮೆ ಬಂದರೆ ಆ ಹಣದಲ್ಲಿ ಸಸಿಗಳ ಬುಡಕ್ಕೆ ಮುಚ್ಚಿಗೆ ಹಾಕಿಸಿ. ಬಳಸುವುದಾದರೆ ಪೊಟ್ಯಾಷ್, ಕ್ಯಾಲ್ಸಿಯಂ ನೈಟ್ರೇಟ್‌ಗಳನ್ನು ಜೆಲ್ ಇರುವ ಗುಂಡಿಗೇ ಸುರಿಯಬೇಡಿ, ಅವೂ ಲವಣಗಳೇ. ಯೂರಿಯಾಕ್ಕೆ ವಿದ್ಯುದಂಶವಿಲ್ಲದ ಕಾರಣ ಅದರಿಂದ ಅಷ್ಟು ತೊಂದರೆಯಿಲ್ಲ.

‘ನ್ಯಾನೊ’ ಎಂದರೆ ತೀರ ಸಣ್ಣ ಕಣ, ಅಷ್ಟೇ; ಆ ಪದಕ್ಕೆ ದುಡ್ಡು ಕೊಡಬೇಡಿ. ಜೆಲ್ ಉಬ್ಬುವ ಸಮಯ ಕಣದ ಅಗಲದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ವಿಜ್ಞಾನಿಗಳಾದ ತನಾಕಾ ಮತ್ತು ಫಿಲ್ಮೋರ್ 1979ರಲ್ಲೇ ತೋರಿಸಿದ್ದಾರೆ: ಅಗಲ ಹತ್ತರಲ್ಲೊಂದಾದರೆ ಸಮಯ ನೂರರಲ್ಲೊಂದು. ಕ್ಷಣಾರ್ಧದಲ್ಲಿ ಸ್ಪಂದಿಸಬೇಕಾದ ಸಂವೇದಕಕ್ಕೆ ಇದು ವರದಾನ, ಆದರೆ ಅಡಿಕೆಯ ಬೇರಿಗೆ ಅಂಥ ಅವಸರವೇನೂ ಇಲ್ಲ. ಬೇಗ ಹೀರುವುದು ಬೇರೆ, ಹೆಚ್ಚು ಹೀರುವುದು ಬೇರೆ.

ಪ್ರಶ್ನೆ: ಮಕ್ಕಳ ಡೈಪರ್ ಬಿಡಿಸಿ ಅದರ ಪುಡಿ ಹಾಕಬಹುದೇ? (ಚಳ್ಳಕೆರೆ)

ಉತ್ತರ: ಬೇಡ. ಅದು ಸೋಡಿಯಂ ಪಾಲಿಅಕ್ರಿಲೇಟ್. ನಿಮ್ಮ ಮಣ್ಣಿಗೆ ಸೋಡಿಯಂ ಸೇರಿಸುವ ಅಗತ್ಯವಿಲ್ಲ.

ಪ್ರಶ್ನೆ: ಹೈಡ್ರೋಜೆಲ್ ಗಾಳಿಯ ತೇವ ಹೀರಿ ತೋಟಕ್ಕೆ ನೀರುಣಿಸುತ್ತದಂತೆ, ನಿಜವೇ?

ಉತ್ತರ: ತೋಟಕ್ಕೆಂದು ಮಾರುವ ಈ ಪುಡಿಯ ಮಟ್ಟಿಗೆ ಸುಳ್ಳು. ನೀವು ಹಾಯಿಸಿದ ನೀರು, ಬಿದ್ದ ಮಳೆ, ಇಷ್ಟನ್ನೇ ಅದು ಹಿಡಿದಿಡುತ್ತದೆ.

ಪ್ರಶ್ನೆ: ಕರುಳಿನಲ್ಲಿ ಕರಗುವ ಲೇಪವಿರುವ ಗುಳಿಗೆಯನ್ನು ಅಮ್ಮನಿಗೆ ಪುಡಿ ಮಾಡಿ ಕೊಡಬಹುದೇ?

ಉತ್ತರ: ಕೂಡದು. ಆ ಲೇಪವೂ ಜೆಲ್‌ನಂತೆ ಸುತ್ತಲಿಗೆ ಸ್ಪಂದಿಸುವ ಪಾಲಿಮರ್. ಹೊಟ್ಟೆಯ ಆಮ್ಲದಲ್ಲಿ ಗಟ್ಟಿಯಾಗಿದ್ದು, ಪಿಎಚ್ (ಆಮ್ಲ ಕಡಿಮೆಯಾದಷ್ಟೂ ಏರುವ ಅಳತೆ) ಸುಮಾರು 5.5 ದಾಟಿದ ಮೇಲೆ ಕರಗುವ ಪಾಲಿಮರನ್ನು ನೀವೇ ಕುಟ್ಟಿ ಹಾಳು ಮಾಡಿದಂತಾಗುತ್ತದೆ. ಬದಲಿ ಔಷಧವನ್ನು ವೈದ್ಯರಲ್ಲಿ ಕೇಳಿ.

ಪ್ರಶ್ನೆ: ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಕೆಲಸ ಮಾಡುವ ‘ಸ್ಮಾರ್ಟ್ ನ್ಯಾನೊ ಹನಿ’ಯನ್ನು ದಾವಣಗೆರೆಯಲ್ಲಿ ಒಬ್ಬರು ಮಾರುತ್ತಿದ್ದಾರೆ. ಇನ್ಸುಲಿನ್ ಬಿಡಬಹುದೇ?

ಉತ್ತರ: ಗ್ಲೂಕೋಸ್‌ಗೆ ಸ್ಪಂದಿಸಿ ಇನ್ಸುಲಿನ್ ಹೊರಸೂಸುವ ಪಾಲಿಮರ್‌ಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಸೀಸೆಯಲ್ಲಿ ತುಂಬಿ ಬಾಗಿಲಿಗೆ ತಂದು ಮಾರುವವರು ಮೋಸಗಾರರು. ವೈದ್ಯರನ್ನು ಕೇಳದೆ ಒಂದು ಹೊತ್ತಿನ ಇನ್ಸುಲಿನ್ನನ್ನೂ ಬಿಡಬೇಡಿ.