ಟಿವಿಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇಯಂಥ ಮನರಂಜನಾ ಕುಸ್ತಿ ಕಂಪನಿಗಳಲ್ಲಿ ಸದಾ ಸೋಲುತ್ತಿದ್ದವರೇ ಆಮೇಲೆ ಕೋಚ್ ಆಗ್ತಾರಲ್ಲ, ಅವರೇನು ಕಲಿಸಬಲ್ಲರು?

ಫಲಿತಾಂಶ ಮೊದಲೇ ನಿಗದಿಯಾಗಿರುವ ಆಟ ಇದು. ಸೋಲು ಅನ್ನೋದು ಕಂಪನಿ ಒಪ್ಪಿಸಿದ ಪಾತ್ರ, ಅಷ್ಟೇ. ಎದುರಾಳಿ ಭಾರೀ ಬಲಶಾಲಿ ಅನ್ನಿಸಬೇಕು, ಇಬ್ಬರಿಗೂ ಪೆಟ್ಟಾಗಬಾರದು, ಇದು ಸೋಲುವವನ ಕೆಲಸ. ಎದುರಿಗಿರುವುದು ಮೊನ್ನೆ ಬಂದ ಹುಡುಗನಾದರೆ, ಮುಂದಿನ ಪಟ್ಟು ಯಾವುದು ಅಂತ ಕಿವಿಯಲ್ಲಿ ಹೇಳುತ್ತಾ ಇಡೀ ಪಂದ್ಯ ನಡೆಸುವವನೂ ಇವನೇ. ಹಾಗಾಗಿ ಕೋಚಿಂಗ್ ಅವನಿಗೆ ಹೊಸ ಕೆಲಸವೇನಲ್ಲ.

ಕಲಿಸುವುದು ಶುರುವಾಗುವುದು ಬೀಳುವುದರಿಂದ. ಇದಕ್ಕೆ ಬಂಪ್ ಅಂತಾರೆ. ರಿಂಗ್ ಅಂದರೆ ಉಕ್ಕಿನ ತೊಲೆಗಳು, ಮೇಲೆ ಹಲಗೆ, ತೆಳ್ಳನೆಯ ಫೋಮ್, ಕ್ಯಾನ್ವಾಸ್, ಮೆತ್ತಗೇನೂ ಇರಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಬೀಳಿಸುತ್ತಾರೆ, ಅದು ಕೈಗೆ ಹತ್ತಿದ ಮೇಲೆ ನಿಂತು. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಹೊಟ್ಟೆ ಮೇಲಿರಬೇಕು. ಬೆನ್ನಿನ ಮೇಲ್ಭಾಗ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಎರಡೂ ಅಂಗೈ ಕೆಳಮುಖವಾಗಿ ಬಡಿಯಬೇಕು, ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರ. ಬೀಳುವಾಗ ಉಸಿರು ಹೊರಕ್ಕೆ. ಪೆಟ್ಟು ಅಗಲಕ್ಕೆ ಹರಡುತ್ತದೆ, ಸದ್ದೂ ಜೋರಾಗಿ ಬರುತ್ತದೆ.

ಚಾವಣಿ ನೋಡಿದಿರೋ, ತಲೆ ಹಿಂದಕ್ಕೆ ಬಡಿದು ಕನ್‌ಕಷನ್, ಅಂದರೆ ಮಿದುಳಿಗೆ ಪೆಟ್ಟು. ಆತುಕೊಳ್ಳಲು ಕೈ ಹಿಂದಕ್ಕೆ ಚಾಚಿದರೆ ಮಣಿಕಟ್ಟೋ ಮೊಣಕೈಯೋ ಹೋಯಿತು. ಆದರೆ ಹೊಸಬರಲ್ಲಿ ಹೆಚ್ಚಾಗಿ ಕಾಣುವುದು ಮೂರನೆಯದು: ಹೆದರಿ ಅರ್ಧದಲ್ಲೇ ಕುಂಡಿ ಕೆಳಗಿಟ್ಟುಬಿಡುವುದು. ಆಗ ಭಾರವೆಲ್ಲ ಸೊಂಟಕ್ಕೆ. ಅವತ್ತು ಏನೂ ಅನ್ನಿಸಲ್ಲ, ಅದಕ್ಕೇ ಇದನ್ನು ತಿದ್ದುವುದು ಕಷ್ಟ.

ಆಮೇಲೆ ಹಗ್ಗಕ್ಕೆ ಓಡುವುದು. ಬೆನ್ನು ಹಗ್ಗಕ್ಕೆ ತಾಗುವಾಗ ಒಂದು ಕೈ ಮೇಲಿನ ಹಗ್ಗ ಹಿಡಿದಿರಲೇಬೇಕು. ಹಗ್ಗ ಸಡಿಲಿದ್ದರೂ ಆಚೆ ಉರುಳಲ್ಲ. ಶುರುವಿನಲ್ಲಿ ಕಂಕುಳ ಕೆಳಗೆ ಕಪ್ಪಗೆ ಕಂದುವುದು ಮಾಮೂಲು. ಪಟ್ಟುಗಳನ್ನು ಅಮೆರಿಕದ ಶೈಲಿಯಲ್ಲಿ ಎದುರಾಳಿಯ ಎಡಭಾಗಕ್ಕೆ ಹಾಕುತ್ತಾರೆ, ಮೆಕ್ಸಿಕೋದಲ್ಲಿ ಬಲಭಾಗಕ್ಕೆ. ಗೊತ್ತಿಲ್ಲದೆ ಹೋದರೆ ಇಬ್ಬರೂ ಒಂದೇ ಕಡೆ ತಿರುಗಿ ಡಿಕ್ಕಿ ಹೊಡೆಯುತ್ತಾರೆ. ಬಾಡಿ ಸ್ಲ್ಯಾಮ್‌ನಲ್ಲಿ, ಅಂದರೆ ಎದುರಾಳಿಯನ್ನು ಎತ್ತಿ ಬೆನ್ನಡಿಯಾಗಿ ಕೆಡವುವ ಪಟ್ಟಿನಲ್ಲಿ, ಎತ್ತಿಸಿಕೊಳ್ಳುವವನು ತಾನೇ ಜಿಗಿದುಕೊಡಬೇಕು. ಮೂಟೆಯ ಹಾಗೆ ಜೋತುಬಿದ್ದರೆ ಎತ್ತುವವನ ಬೆನ್ನು ಹಿಡಿಯುತ್ತದೆ, ಹಿಡಿತ ತಪ್ಪಿದರೆ ಇವನ ಕತ್ತು.

ಕುಸ್ತಿಪಟು ನಾರ್ಮನ್ ಸ್ಮೈಲಿಯನ್ನೇ ನೋಡಿ. ಮೆಕ್ಸಿಕೋದಲ್ಲಿ ಬ್ಲ್ಯಾಕ್ ಮ್ಯಾಜಿಕ್ ಹೆಸರಲ್ಲಿ ಆಡಿದವರು. 1999ರಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಆಗಿನ ಅಮೆರಿಕದ ಕುಸ್ತಿ ಕಂಪನಿಯ ಮೊದಲ ಹಾರ್ಡ್‌ಕೋರ್ (ಕೈಗೆ ಸಿಕ್ಕ ವಸ್ತುಗಳಿಂದ ಹೊಡೆದಾಡುವ ಪಂದ್ಯ) ಚಾಂಪಿಯನ್ ಆದರು, ಅದೂ ಹೆದರಿ ಕಿರುಚುವ ನಗೆಪಾಟಲಿನ ಪಾತ್ರದಲ್ಲಿ. ಅಗ್ರಪಂದ್ಯದ ತಾರೆಯಂತೂ ಅಲ್ಲ. ಆದರೆ ಪಟ್ಟುಗಳ ಜ್ಞಾನ ಗಟ್ಟಿ, ಎರಡೂ ಶೈಲಿ ಗೊತ್ತು. ಮುಂದೆ ಡಬ್ಲ್ಯುಡಬ್ಲ್ಯುಇ ತರಬೇತಿಗೆ ಇಟ್ಟುಕೊಂಡಿದ್ದು ಇಂಥವರನ್ನೇ. ದೊಡ್ಡ ತಾರೆಗೆ ಮೈಕಟ್ಟು, ಮಾತು, ವರ್ಚಸ್ಸು ಕೈಹಿಡಿದಿರುತ್ತವೆ; ಅವನ್ನು ಇನ್ನೊಬ್ಬರಿಗೆ ದಾಟಿಸಲಾಗದು.

ಹಾಗಂತ ಸೋತವರೆಲ್ಲ ಒಳ್ಳೆ ಕೋಚ್ ಅಲ್ಲ. ನೀವೇ ತರಬೇತಿಗೆ ಸೇರುವ ಯೋಚನೆಯಿದ್ದರೆ ಒಂದು ದಿನ ಹೋಗಿ ಕೂತು ನೋಡಿ. ತಪ್ಪಾಗಿ ಬಿದ್ದವನನ್ನು ನಿಲ್ಲಿಸಿ ಗದ್ದ ಎಲ್ಲಿತ್ತು, ಕೈ ಎಲ್ಲಿತ್ತು ಅಂತ ಕೇಳುವ ಕೋಚ್ ಇದ್ದರೆ ಸೇರಿ. ಮೊದಲ ವಾರವೇ ಮೇಲಿನ ಹಗ್ಗದಿಂದ ಹಾರಿಸುವ ಕಡೆ ದುಡ್ಡು ಕಟ್ಟಬೇಡಿ.