ನೀವು ಕೇಳಿದ್ದು: ಬೇಸ್‌ಬಾಲ್ ತಂಡದ ಚಳಿಗಾಲದ ಲೆಕ್ಕ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮಿಲ್ವಾಕಿಯಲ್ಲಿದ್ದಾರೆ. ನವೆಂಬರ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಅಳಿಯ ಊಟಕ್ಕೆ ಕೂತರೂ ಫೋನ್ ಬಿಡುವುದಿಲ್ಲ, ಬರೀ ಬ್ರೂವರ್ಸ್ ತಂಡದ ಸುದ್ದಿ. ಆಟ ಮುಗಿದು ಎಷ್ಟೋ ದಿನವಾಗಿದೆಯಂತೆ. ಮತ್ತೇನು ನೋಡುತ್ತಾನೆ?

ಉತ್ತರ: ಅಳಿಯನನ್ನು ಬೈಯಬೇಡಿ. ಅವನು ನೋಡುತ್ತಿರುವುದು ನಲವತ್ತು ಹೆಸರುಗಳ ಪಟ್ಟಿ. ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ 30 ತಂಡಗಳಿಗೂ ಇಂಥದೊಂದು ಪಟ್ಟಿ ಇರುತ್ತದೆ. ಸೀಸನ್‌ನಲ್ಲಿ ಪಂದ್ಯಕ್ಕೆ ಸಿಗುವವರು 26 ಜನ. ಅವರೂ ಸೇರಿ ತಂಡದ ಹಿಡಿತದಲ್ಲಿ ಭದ್ರವಾಗಿರುವವರು 40 ಜನ. ಸೀಸನ್ ನಡೆಯುವಾಗ ದೊಡ್ಡ ಗಾಯವಾದವರನ್ನು 60 ದಿನಗಳ ಗಾಯಾಳು ಪಟ್ಟಿಗೆ ಹಾಕಿ ಜಾಗ ಮಾಡಿಕೊಳ್ಳಬಹುದು. ಸೀಸನ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಮುಗಿಯಿತೋ, ಆ ಸೌಲಭ್ಯವೂ ಮುಗಿಯಿತು. ಗಾಯಾಳುಗಳೆಲ್ಲ ವಾಪಸ್ ನಲವತ್ತರೊಳಗೆ ಬರಬೇಕು. ಕೆಳಗಿನ ಲೀಗ್‌ಗಳಲ್ಲಿ ಬೆಳೆದ ಹುಡುಗರನ್ನೂ ಅದೇ ನಲವತ್ತರಲ್ಲಿ ಸೇರಿಸಬೇಕು, ಇಲ್ಲವಾದರೆ ಡಿಸೆಂಬರ್‌ನಲ್ಲಿ ಬೇರೆಯವರು ಹಾರಿಸಿಕೊಂಡು ಹೋಗುತ್ತಾರೆ. ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗಲೇಬೇಕು.

ನಾನು ಮಿಲ್ವಾಕಿಯಲ್ಲಿ ಕೆಲಸದಲ್ಲಿದ್ದಾಗ ಈ ತಂಡದ ಹುಚ್ಚು ಹತ್ತಿಸಿಕೊಂಡವನು. ನನ್ನ ಕೇಳಿದರೆ ಜುಲೈ ತಿಂಗಳ ಯಾವುದೋ ಮಂಗಳವಾರದ ಪಂದ್ಯಕ್ಕಿಂತ ನವೆಂಬರ್‌ನ ಈ ಪಟ್ಟಿಯೇ ಜಾಸ್ತಿ ನಿದ್ದೆ ಕೆಡಿಸುತ್ತದೆ.

ಪ್ರಶ್ನೆ: ಪಿಚರ್ (ಚೆಂಡು ಎಸೆಯುವವ) ಬ್ರ್ಯಾಂಡನ್ ವುಡ್ರಫ್‌ನನ್ನು ಬ್ರೂವರ್ಸ್ 2023ರಲ್ಲಿ ಕೈಬಿಟ್ಟಿತು. 2025ರಲ್ಲಿ ಅದೇ ತಂಡ ಅವನಿಗೆ ಒಂದು ವರ್ಷಕ್ಕೆ 2 ಕೋಟಿ 20 ಲಕ್ಷ ಡಾಲರ್ ಕೊಡಲು ಮುಂದಾಯಿತು. ಇವರಿಗೆ ತಲೆ ಸರಿ ಇದೆಯಾ?

ಉತ್ತರ: ಸರಿ ಇದೆ. ಎರಡೂ ಸಲ ಲೆಕ್ಕ ಹಾಕಿಯೇ ಮಾಡಿದ್ದು.

2023ರ ಅಕ್ಟೋಬರ್‌ನಲ್ಲಿ ವುಡ್ರಫ್‌ಗೆ ಭುಜದ ಶಸ್ತ್ರಚಿಕಿತ್ಸೆ ಆಯಿತು. 2024ರಲ್ಲಿ ಆತ ಚೆಂಡು ಎಸೆಯುವುದು ಅನುಮಾನ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ವರ್ಷಕ್ಕೆ ಅವನನ್ನು ಉಳಿಸಿಕೊಂಡರೆ ಹಿಂದಿನ ಸಾಧನೆ ನೋಡಿ ಸಂಬಳ ಕೊಡಬೇಕು, ಮತ್ತು 2024 ಮುಗಿದ ಕೂಡಲೇ ಅವನು ಫ್ರೀ ಏಜೆಂಟ್, ಯಾವ ತಂಡಕ್ಕಾದರೂ ಹೋಗಬಹುದು. ಅಂದರೆ ಪೂರ್ತಿ ಸಂಬಳ, ಒಂದೂ ಎಸೆತ ಇಲ್ಲ, ಆಮೇಲೆ ಟಾಟಾ. ಹಾಗಾಗಿ ನವೆಂಬರ್‌ನ ಗಡುವಿನೊಳಗೆ ಅವನಿಗೆ ಕಾಂಟ್ರ್ಯಾಕ್ಟ್ ಕೊಡಲಿಲ್ಲ. ಇದಕ್ಕೆ ಅಲ್ಲಿ ನಾನ್-ಟೆಂಡರ್ ಎನ್ನುತ್ತಾರೆ. ಆಟಗಾರ ಅವತ್ತೇ ಸ್ವತಂತ್ರ.

ಮುಂದೆ ನಡೆದದ್ದು ನನಗೆ ಇಷ್ಟವಾದ ಭಾಗ. 2024ರ ಫೆಬ್ರುವರಿಯಲ್ಲಿ ಅದೇ ವುಡ್ರಫ್ ಅದೇ ತಂಡಕ್ಕೆ ಎರಡು ವರ್ಷಕ್ಕೆ ಸಹಿ ಹಾಕಿದ. ಒಟ್ಟು 1 ಕೋಟಿ 75 ಲಕ್ಷ ಡಾಲರ್. ಅದನ್ನು ಹಂಚಿದ ರೀತಿ ನೋಡಿ. ಆಡದ ವರ್ಷಕ್ಕೆ 25 ಲಕ್ಷ. 2025ಕ್ಕೆ 50 ಲಕ್ಷ. ಉಳಿದ 1 ಕೋಟಿ ಸಂಬಳವೇ ಅಲ್ಲ, 2026ರ ಆಪ್ಷನ್ (ಇನ್ನೊಂದು ವರ್ಷ ಮುಂದುವರಿಸುವ ಅವಕಾಶ) ಬೇಡವೆಂದಾಗ ಕೊಡುವ ಬೈಔಟ್ ಹಣ! 2025ರ ಜುಲೈನಲ್ಲಿ ವಾಪಸ್ ಬಂದ. 12 ಪಂದ್ಯ ಆರಂಭಿಸಿದ, ಅವನ ಹೆಸರಿಗೆ 7 ಗೆಲುವು, 2 ಸೋಲು. ಸೆಪ್ಟೆಂಬರ್‌ನಲ್ಲಿ ಬೆನ್ನಿನ ಪಕ್ಕದ ಸ್ನಾಯು ನೋವಾಗಿ ಪ್ಲೇಆಫ್ ತಪ್ಪಿತು. ಪಾಪ.

ಆಗ ತಂಡ ಅವನ ಮುಂದೆ ಇಟ್ಟದ್ದು ಕ್ವಾಲಿಫೈಯಿಂಗ್ ಆಫರ್. ಲೀಗ್‌ನಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ 125 ಜನರ ಸರಾಸರಿಯೇ ಇದರ ಮೊತ್ತ. ಆ ವರ್ಷ ಅದು 2 ಕೋಟಿ 20 ಲಕ್ಷ 25 ಸಾವಿರ ಡಾಲರ್. ಚೌಕಾಸಿ ಇಲ್ಲ. ಒಪ್ಪಿದರೆ ಒಂದು ವರ್ಷ ಇಲ್ಲೇ. ಒಪ್ಪದೆ ಬೇರೆ ತಂಡಕ್ಕೆ ಹೋದರೆ ಹಳೆ ತಂಡಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಒಂದು ಹೆಚ್ಚುವರಿ ಆಯ್ಕೆ ಸಿಗುತ್ತದೆ. ಸಾಮಾನ್ಯವಾಗಿ ಆಟಗಾರರು ಒಪ್ಪುವುದಿಲ್ಲ. 2012ರಲ್ಲಿ ಈ ಪದ್ಧತಿ ಬಂತು, ಮೊದಲ ಸಲ ಯಾರಾದರೂ ಒಪ್ಪಿದ್ದು 2015ರಲ್ಲಿ. 2025ರಲ್ಲಿ ಮಾತ್ರ ನಾಲ್ಕು ಜನ ಒಪ್ಪಿಬಿಟ್ಟರು: ಶೋಟಾ ಇಮನಾಗ, ಟ್ರೆಂಟ್ ಗ್ರಿಶಮ್, ಗ್ಲೇಬರ್ ಟೋರೆಸ್, ಮತ್ತು ನಮ್ಮ ವುಡ್ರಫ್. ಎರಡು ಭುಜಗಳೂ ನೆಟ್ಟಗಿದ್ದಿದ್ದರೆ ಅವನೂ ಮಾರುಕಟ್ಟೆಗೆ ಹೋಗುತ್ತಿದ್ದ ಅನ್ನಿಸುತ್ತದೆ.

ಪ್ರಶ್ನೆ: ಬಿಟ್ಟವನು ಬೇರೆ ಕಡೆ ಹೋಗಿ ಮಿಂಚಿದ ಉದಾಹರಣೆ ಇದೆಯಾ?

ಉತ್ತರ: ಬೇಕಾದಷ್ಟು. 2002ರ ಡಿಸೆಂಬರ್‌ನಲ್ಲಿ ಮಿನೆಸೋಟ ಟ್ವಿನ್ಸ್ ಡೇವಿಡ್ ಓರ್ಟಿಸ್‌ನನ್ನು ಬಿಟ್ಟಿತು. ಮುಂದಿನ ತಿಂಗಳು ಬಾಸ್ಟನ್ ರೆಡ್ ಸಾಕ್ಸ್ 12.5 ಲಕ್ಷ ಡಾಲರ್‌ಗೆ ಕರೆದುಕೊಂಡಿತು. ಆಮೇಲೆ ಮೂರು ವರ್ಲ್ಡ್ ಸೀರೀಸ್, 2022ರಲ್ಲಿ ಹಾಲ್ ಆಫ್ ಫೇಮ್. ಟ್ವಿನ್ಸ್ ಅಭಿಮಾನಿಗಳ ಹತ್ತಿರ ಈ ವಿಷಯ ಎತ್ತಬೇಡಿ.

ಪ್ರಶ್ನೆ: ಆರ್ಬಿಟ್ರೇಷನ್ ಅಂದರೆ ಸಂಬಳಕ್ಕಾಗಿ ಕೋರ್ಟಿಗೆ ಹೋಗುವುದಾ? ಸ್ವಂತ ತಂಡದ ವಿರುದ್ಧ ವಾದ ಮಾಡಿ ಮಾರನೇ ವಾರ ಅದೇ ಜರ್ಸಿ ಹಾಕುವುದು ಹೇಗೆ?

ಉತ್ತರ: ಹಾಕುತ್ತಾರೆ. ಆದರೆ ಎಷ್ಟು ದಿನ ಹಾಕುತ್ತಾರೆ ಅನ್ನುವುದೇ ಪ್ರಶ್ನೆ.

ಮೊದಲು ಏಣಿ ನೋಡಿ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸರ್ವಿಸ್ ಟೈಮ್. ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ. ಕನಿಷ್ಠ ಮೊತ್ತಕ್ಕಿಂತ ಕಡಿಮೆ ಕೊಡುವಂತಿಲ್ಲ ಅಷ್ಟೇ, 2025ರಲ್ಲಿ ಅದು 7.6 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್. ಆರು ತುಂಬಿದರೆ ಫ್ರೀ ಏಜೆಂಟ್. ಆ 172ರಲ್ಲಿ ಒಂದೇ ದಿನ ಕಡಿಮೆಯಾದರೂ ಫ್ರೀ ಏಜೆಂಟ್ ಆಗಲು ಇನ್ನೊಂದು ವರ್ಷ ಕಾಯಬೇಕು. ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್‌ಗೆ 2015ರಲ್ಲಿ ಸಿಕ್ಕಿದ್ದು 171 ದಿನ. ದೂರು ಕೊಟ್ಟ, 2020ರಲ್ಲಿ ಸೋತ.

ಈಗ ಆರ್ಬಿಟ್ರೇಷನ್. ಆಟಗಾರ ಒಂದು ಮೊತ್ತ ಬರೆಯುತ್ತಾನೆ, ತಂಡ ಒಂದು ಮೊತ್ತ ಬರೆಯುತ್ತದೆ. ಮೂವರು ತೀರ್ಪುಗಾರರು ಎರಡರಲ್ಲಿ ಒಂದನ್ನು ಆರಿಸಬೇಕು. ಮಧ್ಯದ ಮೊತ್ತ ಹೇಳುವಂತಿಲ್ಲ. ಇದರಲ್ಲಿ ಜಾಣತನ ಇದೆ: ಅತಿಯಾಗಿ ಕೇಳಿದವನು ಸೋಲುತ್ತಾನೆ, ಅತಿ ಕಡಿಮೆ ಹೇಳಿದ ತಂಡವೂ ಸೋಲುತ್ತದೆ. ಹಾಗಾಗಿ ಬಹಳಷ್ಟು ಜನ ವಿಚಾರಣೆಗೆ ಮುಂಚೆಯೇ ರಾಜಿ ಆಗುತ್ತಾರೆ. ರಾಜಿ ಆಗದವರು ಆ ಕೋಣೆಯಲ್ಲಿ ಕೂತು, ತಾನು ಯಾಕೆ ಅಷ್ಟು ಬೆಲೆ ಬಾಳುವುದಿಲ್ಲ ಎಂದು ತನ್ನ ತಂಡದ ವಕೀಲರೇ ಹೇಳುವುದನ್ನು ಕೇಳಬೇಕು.

ಹಾಗೆ ಕೇಳಿಸಿಕೊಂಡವನು ಬ್ರೂವರ್ಸ್ ಪಿಚರ್ ಕಾರ್ಬಿನ್ ಬರ್ನ್ಸ್. 2021ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು, 2022ರಲ್ಲಿ ನ್ಯಾಷನಲ್ ಲೀಗ್‌ನಲ್ಲೇ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದು) ಅತಿ ಹೆಚ್ಚು ಸ್ಟ್ರೈಕ್‌ಔಟ್ ಮಾಡಿದವನು, ಅಂದರೆ ಎಸೆತದಿಂದಲೇ ಬ್ಯಾಟರ್‌ಗಳನ್ನು ಔಟ್ ಮಾಡಿದವನು. 2023ರ ಫೆಬ್ರುವರಿಯಲ್ಲಿ ಅವನು ಕೇಳಿದ್ದು 1 ಕೋಟಿ 7.5 ಲಕ್ಷ ಡಾಲರ್. ಬ್ರೂವರ್ಸ್ ಹೇಳಿದ್ದು 1 ಕೋಟಿ 10 ಸಾವಿರ. ವ್ಯತ್ಯಾಸ 7.4 ಲಕ್ಷ. ಕೋಟಿಗಟ್ಟಲೆ ಸಂಬಳ ಹಂಚುವ ತಂಡಕ್ಕೆ ಇದು ಬೆಂಚಿನ ಕೊನೆಯಲ್ಲಿ ಕೂರುವ ಹೊಸ ಹುಡುಗನ ಒಂದು ವರ್ಷದ ಸಂಬಳದಷ್ಟು. ತಂಡ ಗೆದ್ದಿತು. 2022ರಲ್ಲಿ ಪ್ಲೇಆಫ್ ತಪ್ಪಿದ್ದಕ್ಕೆ ತನ್ನನ್ನೇ ಮುಂದೆ ಮಾಡಿ ಮಾತಾಡಿದರು, ಸಂಬಂಧಕ್ಕೆ ಪೆಟ್ಟು ಬಿದ್ದಿದೆ ಎಂದು ಬರ್ನ್ಸ್ ಆಮೇಲೆ ಪತ್ರಕರ್ತರ ಮುಂದೆಯೇ ಹೇಳಿದ.

ಇದೇ ನನ್ನ ತಕರಾರು. ಮೊತ್ತ ಬರೆದು ಕೊಟ್ಟ ಮೇಲೆ ಮಾತುಕತೆ ಇಲ್ಲ, ನೇರ ವಿಚಾರಣೆ ಎನ್ನುವ ಪಾಲಿಸಿ ಅನೇಕ ತಂಡಗಳಲ್ಲಿದೆ. ಫೈಲ್ ಅಂಡ್ ಟ್ರಯಲ್ ಎನ್ನುತ್ತಾರೆ. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅನ್ನುವುದು ಅವರ ವಾದ. ಇರಬಹುದು. ಆದರೆ ಎಲ್ಲರೂ ಬರ್ನ್ಸ್ ಅಲ್ಲ, ಅಲ್ವಾ? ಜಾಶ್ ಹೇಡರ್ ಜೊತೆಗೂ 2020ರಲ್ಲಿ ಹೀಗೇ ಆಗಿತ್ತು. 64 ಲಕ್ಷ ಕೇಳಿದ, 41 ಲಕ್ಷ ಸಿಕ್ಕಿತು. ಅಲ್ಲಿ ಅಂತರವಾದರೂ ದೊಡ್ಡದಿತ್ತು.

ಪ್ರಶ್ನೆ: ನಿಮ್ಮ ಬ್ರೂವರ್ಸ್ ಒಳ್ಳೆಯ ಆಟಗಾರರನ್ನೆಲ್ಲ ಮಾರಿಕೊಳ್ಳುತ್ತದೆ. ಅಭಿಮಾನಿಗಳು ಹೇಗೆ ಸಹಿಸುತ್ತೀರಿ?

ಉತ್ತರ: ಬೈಯುತ್ತಾ ಸಹಿಸುತ್ತೇವೆ.

ಮೇಜರ್ ಲೀಗ್‌ನಲ್ಲೇ ಅತಿ ಚಿಕ್ಕ ಮಾರುಕಟ್ಟೆ ಮಿಲ್ವಾಕಿ. ಫ್ರೀ ಏಜೆಂಟ್ ಆದವನಿಗೆ ನ್ಯೂಯಾರ್ಕ್, ಲಾಸ್ ಏಂಜಲೀಸ್ ತಂಡಗಳು ಕೊಡುವಷ್ಟು ಇಲ್ಲಿ ಕೊಡಲಾಗದು. ಹಾಗಾಗಿ ದಾರಿ ಎರಡೇ. ಒಂದು, ಕೊನೆಯ ವರ್ಷವೂ ಇಟ್ಟುಕೊಂಡು ಡ್ರಾಫ್ಟ್ ಆಯ್ಕೆ ಪಡೆಯುವುದು. ವಿಲಿ ಅಡಾಮಿಸ್ ವಿಷಯದಲ್ಲಿ ಹಾಗೆ ಮಾಡಿದರು. 2024 ಪೂರ್ತಿ ಆಡಿಸಿದರು, ಕ್ವಾಲಿಫೈಯಿಂಗ್ ಆಫರ್ ಕೊಟ್ಟರು, ಅವನು ಬೇಡವೆಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್‌ಗೆ ಹೋದ. ಎರಡು, ಒಂದು ವರ್ಷ ಬಾಕಿ ಇರುವಾಗಲೇ ಟ್ರೇಡ್, ಅಂದರೆ ಬೇರೆ ತಂಡದ ಜೊತೆ ಅದಲುಬದಲು. ಬರ್ನ್ಸ್‌ನನ್ನು 2024ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟರು. ಜೋಯಿ ಓರ್ಟಿಜ್, ಡಿ.ಎಲ್. ಹಾಲ್, ಜೊತೆಗೆ ಒಂದು ಡ್ರಾಫ್ಟ್ ಆಯ್ಕೆ ಬಂತು. ಅಡಾಮಿಸ್ ಹೋದ ಮೇಲೆ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗಕ್ಕೆ ನಿಂತವನು ಇದೇ ಓರ್ಟಿಜ್. ಆ ಡಿಸೆಂಬರ್‌ನಲ್ಲಿ ಡೆವಿನ್ ವಿಲಿಯಮ್ಸ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟಾಗ ಬಂದವರಲ್ಲಿ ಕೇಲಬ್ ಡರ್ಬಿನ್ 2025ರಲ್ಲಿ ಮೂರನೇ ಬೇಸ್ ಹಿಡಿದ. ಆ ವರ್ಷ ತಂಡ ಗೆದ್ದ ಪಂದ್ಯ 97. ತಂಡದ ಇತಿಹಾಸದಲ್ಲೇ ಹೆಚ್ಚು, ಲೀಗ್‌ನಲ್ಲೂ ಮೊದಲ ಸ್ಥಾನ.

ಆಮೇಲೆ ಪ್ಲೇಆಫ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತೆವು. ಅದನ್ನೂ ಹೇಳಬೇಕು.

ಮಾರುವುದು ನನಗೆ ಒಪ್ಪಿಗೆ. ಮಾರುವವನನ್ನು ಮೊದಲು 7.4 ಲಕ್ಷಕ್ಕೆ ಅವಮಾನ ಮಾಡುವುದು ಒಪ್ಪಿಗೆ ಇಲ್ಲ. ತಪ್ಪು ಸಮಯದಲ್ಲಿ ಮಾರುವುದೂ ಅಷ್ಟೇ. 2022ರ ಆಗಸ್ಟ್‌ನಲ್ಲಿ, ತಂಡ ತನ್ನ ಡಿವಿಷನ್‌ನಲ್ಲಿ (ಲೀಗ್‌ನೊಳಗಿನ ಗುಂಪು) ಮೊದಲ ಸ್ಥಾನದಲ್ಲಿದ್ದಾಗ, ಹೇಡರ್‌ನನ್ನು ಸ್ಯಾನ್ ಡಿಯಾಗೊಗೆ ಕೊಟ್ಟರು. ಒಂದೇ ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿತು. ಆ ಟ್ರೇಡ್‌ನಲ್ಲಿ ಬಂದ ಎಸ್ಟಿಯೂರಿ ರೂಯಿಸ್‌ನನ್ನು ಡಿಸೆಂಬರ್‌ನಲ್ಲಿ ಇನ್ನೊಂದು ಟ್ರೇಡ್‌ಗೆ ಸೇರಿಸಿ ಕ್ಯಾಚರ್ ವಿಲಿಯಮ್ ಕಾಂಟ್ರೇರಾಸ್‌ನನ್ನು ತಂದರು. ಕಾಗದದ ಮೇಲೆ ಲಾಭ. ಆದರೂ ಆ ಆಗಸ್ಟ್ ನನಗೆ ಇನ್ನೂ ಅರಗಿಲ್ಲ.

ಪ್ರಶ್ನೆ: ಇದೆಲ್ಲ ಯಾಕೆ? ಐಪಿಎಲ್ ತರಹ ಹರಾಜು ಹಾಕಿದರೆ ಮುಗಿಯಿತಲ್ಲ.

ಉತ್ತರ: ಅಲ್ಲಿನ ಆಟಗಾರರ ಯೂನಿಯನ್ ಕೇಳಿದರೆ ನಿಮ್ಮನ್ನು ಓಡಿಸಿಕೊಂಡು ಬರುತ್ತದೆ. ಹರಾಜಿನಲ್ಲಿ ಯಾವ ತಂಡ ಅನ್ನುವುದನ್ನು ಆಟಗಾರ ಆರಿಸುವುದಿಲ್ಲ. ಅಲ್ಲಿ ಆ ಹಕ್ಕಿಗಾಗಿಯೇ ದೊಡ್ಡ ಹೋರಾಟ ನಡೆದಿದೆ. ಮೊದಲು ಒಂದು ತಂಡಕ್ಕೆ ಸೇರಿದವನು ಜೀವನಪೂರ್ತಿ ಆ ತಂಡದ ಸೊತ್ತು. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತನ್ನನ್ನು ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದಾಗ ಕರ್ಟ್ ಫ್ಲಡ್ ಹೋಗಲ್ಲ ಎಂದ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತ. 1975ರ ಡಿಸೆಂಬರ್ 23ರಂದು ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಆಟಗಾರರ ಪರ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಫ್ಲಡ್ ಅಷ್ಟರಲ್ಲಿ ಆಟ ಬಿಟ್ಟಾಗಿತ್ತು.

ಪ್ರಶ್ನೆ: ಡಿಸೆಂಬರ್‌ನಲ್ಲಿ ಹುಡುಗರನ್ನು ಹಾರಿಸಿಕೊಂಡು ಹೋಗುವುದು ಅಂದರೇನು?

ಉತ್ತರ: ರೂಲ್ 5 ಡ್ರಾಫ್ಟ್. ಕೆಲವು ವರ್ಷ ಕೆಳಗಿನ ಲೀಗ್‌ಗಳಲ್ಲಿದ್ದೂ ನಲವತ್ತರ ಪಟ್ಟಿಗೆ ಬಾರದವನನ್ನು ಬೇರೆ ತಂಡ ಒಂದು ಲಕ್ಷ ಡಾಲರ್ ಕೊಟ್ಟು ತೆಗೆದುಕೊಳ್ಳಬಹುದು. ಷರತ್ತು ಏನೆಂದರೆ, ಮುಂದಿನ ಸೀಸನ್ ಪೂರ್ತಿ ಅವನನ್ನು ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. 2014ರಲ್ಲಿ ಬ್ರೂವರ್ಸ್ ತೈವಾನ್‌ನ ವೇಯ್-ಚುಂಗ್ ವಾಂಗ್‌ನನ್ನು ಹೀಗೆ ಇಟ್ಟುಕೊಂಡಿತ್ತು. ಅದುವರೆಗೆ ಅವನು ಅಮೆರಿಕದಲ್ಲಿ ಆಡಿದ್ದು ಅತಿ ಕೆಳಗಿನ ಲೀಗ್‌ನಲ್ಲಿ ಮಾತ್ರ. ಪಂದ್ಯ ಕೈತಪ್ಪಿದ ಮೇಲಷ್ಟೇ ಅವನನ್ನು ಇಳಿಸುತ್ತಿದ್ದರು, ನಾವು ಟಿವಿ ಮುಂದೆ ಕೈ ಮುಗಿಯುತ್ತಿದ್ದೆವು. ಆದರೆ ಇದೇ ಬಾಗಿಲಿನಿಂದ 1954ರಲ್ಲಿ ಪಿಟ್ಸ್‌ಬರ್ಗ್‌ಗೆ ಮುಂದೆ ದಿಗ್ಗಜನಾದ ರಾಬರ್ಟೊ ಕ್ಲೆಮೆಂಟೆ ಸಿಕ್ಕಿದ, 4,000 ಡಾಲರ್‌ಗೆ. 1999ರಲ್ಲಿ ಮಿನೆಸೋಟಾಗೆ ಯೋಹಾನ್ ಸಾಂಟಾನ ಸಿಕ್ಕಿದ.

ಪ್ರಶ್ನೆ: ಶೊಹೇಯ್ ಓಟಾನಿಗೆ 70 ಕೋಟಿ ಡಾಲರ್ ನಿಜವಾ? ಪಾಪ, ವರ್ಷಕ್ಕೆ 20 ಲಕ್ಷ ಮಾತ್ರ ಸಿಗುತ್ತದೆ ಅಂತಲೂ ಓದಿದೆ.

ಉತ್ತರ: ಎರಡೂ ನಿಜ. ಹತ್ತು ವರ್ಷದ ಕಾಂಟ್ರ್ಯಾಕ್ಟ್‌ನಲ್ಲಿ 68 ಕೋಟಿಯನ್ನು ಡಾಡ್ಜರ್ಸ್ 2034ರಿಂದ 2043ರವರೆಗೆ ಕೊಡುತ್ತದೆ, ಬಡ್ಡಿ ಇಲ್ಲದೆ. ಹಾಗಾಗಿ ತೆರಿಗೆ ಲೆಕ್ಕದಲ್ಲಿ ಅವನ ವರ್ಷದ ಬೆಲೆ 7 ಕೋಟಿ ಅಲ್ಲ, ಸುಮಾರು 4.6 ಕೋಟಿ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಮಿತಿ ಇಲ್ಲ, ಗೆರೆ ದಾಟಿದರೆ ದಂಡದಂಥ ತೆರಿಗೆ ಇದೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಪಾಪ ಅನ್ನಬೇಡಿ, ಜಾಹೀರಾತಿನ ದುಡ್ಡು ಬೇರೆ ಇದೆ.

ಪ್ರಶ್ನೆ: ಬ್ರೂವರ್ಸ್‌ನ ಜಾಕ್ಸನ್ ಚೂರಿಯೊ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡದೆ 8.2 ಕೋಟಿ ಡಾಲರ್ ಪಡೆದನಂತೆ. ಇದು ಜೂಜಲ್ಲವೇ?

ಉತ್ತರ: ಜೂಜೇ, ಆದರೆ ತಂಡಕ್ಕೆ ಅನುಕೂಲದ ಜೂಜು. 2023ರ ಡಿಸೆಂಬರ್‌ನಲ್ಲಿ ಎಂಟು ವರ್ಷಕ್ಕೆ ಸಹಿ, ಜೊತೆಗೆ ತಂಡದ ಕೈಯಲ್ಲಿ ಎರಡು ಆಪ್ಷನ್. ಅಂದರೆ ಫ್ರೀ ಏಜೆಂಟ್ ಆಗಬೇಕಾದ ವರ್ಷಗಳನ್ನು ಹುಡುಗ ಮೊದಲೇ ಮಾರಿಕೊಂಡ. ಬ್ರೂವರ್ಸ್ ಪಿಚರ್ ಫ್ರೆಡಿ ಪೆರಾಲ್ಟಾ 2020ರಲ್ಲಿ ಮಾಡಿದ್ದೂ ಇದನ್ನೇ. ಐದು ವರ್ಷಕ್ಕೆ 1.55 ಕೋಟಿ, ಮೇಲೆ 80 ಲಕ್ಷದ ಎರಡು ಆಪ್ಷನ್. 2025ರಲ್ಲಿ 17 ಪಂದ್ಯ ಗೆದ್ದು ನ್ಯಾಷನಲ್ ಲೀಗ್‌ನಲ್ಲಿ ಮೊದಲಿಗನಾದ. ಆ ನವೆಂಬರ್‌ನಲ್ಲಿ ತಂಡ ಅವನ 80 ಲಕ್ಷದ ಆಪ್ಷನ್ ಹಿಡಿಯಿತು. ಅದೇ ವಾರಗಳಲ್ಲಿ ವುಡ್ರಫ್‌ಗೆ 2 ಕೋಟಿ 20 ಲಕ್ಷ. ಒಂದೇ ಡ್ರೆಸ್ಸಿಂಗ್ ರೂಮ್.

ಪೆರಾಲ್ಟಾ ಮೋಸ ಹೋದ ಎಂದು ಬರೆಯುವವರು ಬಹಳ. ನಾನು ಒಪ್ಪುವುದಿಲ್ಲ. ಪಿಚರ್‌ನ ಭುಜ ಯಾವಾಗ ಕೈಕೊಡುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. 23ನೇ ವಯಸ್ಸಿನಲ್ಲಿ ಒಂದೂವರೆ ಕೋಟಿ ಡಾಲರ್ ಕೈಗೆ ಬರುತ್ತದೆ ಅಂದರೆ ನಾನಂತೂ ಪೆನ್ನು ಹುಡುಕುತ್ತಿದ್ದೆ.