ನಡೆಯದ ಸಭೆಯ ನಡಾವಳಿ: ಒಂದು ಆಪ್ತಸಲಹೆ ಪ್ರಕರಣ

ಅವರು ನನ್ನ ಬಳಿಗೆ ಬಂದದ್ದು ನಿದ್ರೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ವಯಸ್ಸು ನಲವತ್ತರ ಆಸುಪಾಸು. ರಾಜ್ಯದ ಒಂದು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಭೇಟಿಯಲ್ಲಿ ಊಟ, ಆಸಕ್ತಿ, ಬದುಕಿನ ಬಗೆಗಿನ ಭಾವನೆ ಎಲ್ಲವನ್ನೂ ಕೇಳಿ ತಿಳಿದೆ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಆದರೂ ನಿದ್ರಾಹೀನತೆ ಹೀಗೆಯೇ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿದೆ.

ಎರಡನೆಯ ಭೇಟಿಯಲ್ಲಿ, ನಡುರಾತ್ರಿ ಎಚ್ಚರವಾದಾಗ ಮೊದಲು ಮನಸ್ಸಿಗೆ ಬರುವುದೇನು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಸಮಿತಿಯ ಫೈಲು" ಎಂದರು.

ಬಿ.ಇಡಿ. ವಿದ್ಯಾರ್ಥಿಗಳು ಶಾಲೆಗಳಲ್ಲಿ ಪಾಠ ಮಾಡಿ ಕಲಿಯುವ ಇಂಟರ್ನ್‌ಶಿಪ್‌ನ ಮೇಲ್ವಿಚಾರಣೆಗೆಂದು ವಿಭಾಗದಲ್ಲಿರುವ ಸಮಿತಿಗೆ ಅವರು ಸದಸ್ಯ ಕಾರ್ಯದರ್ಶಿ. ಸಮಿತಿಯ ಅಧ್ಯಕ್ಷರು ಅವರ ಪಿಎಚ್.ಡಿ. ಮಾರ್ಗದರ್ಶಕರೇ. ಆ ವರ್ಷ ನಾಲ್ಕು ಸಭೆಗಳು ನಡೆಯಬೇಕಿತ್ತು; ನಡೆದದ್ದು ಒಂದೇ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ತಂಡದ ಭೇಟಿ ಹತ್ತಿರವಾದಾಗ ಅಧ್ಯಕ್ಷರು ಫೋನು ಮಾಡಿ, "ಉಳಿದ ಮೂರು ಸಭೆಗಳ ನಡಾವಳಿ ಬರೆದುಬಿಡಮ್ಮ, ಎಲ್ಲರ ಸಹಿ ನಾನು ಮಾಡಿಸುತ್ತೇನೆ" ಎಂದಿದ್ದರು. ಗದರಿಸಿ ಹೇಳಿದ ಮಾತಲ್ಲ ಅದು. ಮನೆಯ ಹಿರಿಯರು ಸಲುಗೆಯಿಂದ ಒಂದು ಕೆಲಸ ಹೇಳಿದಂತಿತ್ತು. ಅದಕ್ಕೇ ಬೇಡವೆನ್ನುವುದು ಅಷ್ಟು ಕಷ್ಟವಾಗಿತ್ತು.

ಹೊರಗಿನವರಿಗೆ ಇದು ಕಾಗದದ ಸಣ್ಣ ವಿಷಯವಾಗಿ ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ. ಶಿಕ್ಷಕರ ತರಬೇತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯ ಬಳಿಕ, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಇಡಿ. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು. ಎರಡನೆಯ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು, ಇಂಟರ್ನ್‌ಶಿಪ್‌ಗೆ ಶೇ. 90ರಷ್ಟು ಹಾಜರಾತಿ ಇರಬೇಕು ಎಂದು ವಿಧಿಸಿತು. ವಿದ್ಯಾರ್ಥಿ ಶಿಕ್ಷಕರು ನಿಜವಾಗಿ ತರಗತಿಯ ಮುಂದೆ ನಿಂತರೇ, ಅವರ ಪಾಠವನ್ನು ಯಾರಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರೇ ಎಂದು ಕೇಳಬೇಕಾದದ್ದು ಆ ವಿಭಾಗದಲ್ಲಿ ಈ ಸಮಿತಿಯೊಂದೇ. ಸಭೆ ಸೇರದ ಆ ತಿಂಗಳುಗಳಲ್ಲಿ 8 ಮಂದಿ ಹನ್ನೆರಡು ವಾರಕ್ಕೇ ಶಾಲೆ ಬಿಟ್ಟಿದ್ದರು. ಹಾಜರಾತಿ ಪತ್ರಗಳು ಮಾತ್ರ ಪೂರ್ಣವಾಗಿದ್ದವು. ಅವರಲ್ಲಿ ಒಬ್ಬಾಕೆ ಹಸುಗೂಸಿನ ತಾಯಿ, ಇನ್ನೊಬ್ಬ ಹೊಟ್ಟೆಪಾಡಿಗೆ ಖಾಸಗಿ ಶಾಲೆಯೊಂದರಲ್ಲಿ ದುಡಿಯುತ್ತಿದ್ದವನು. ಸತ್ಯ ಹೊರಬಂದರೆ ಮೊದಲು ಪೆಟ್ಟು ಬೀಳುವುದು ಇವರಿಗೇ ಎಂಬುದು ಅಧ್ಯಾಪಕಿಯ ಸಂಕಟವಾಗಿತ್ತು. "ಅಷ್ಟು ತಿಂಗಳು ನಾನೂ ಸುಮ್ಮನಿದ್ದೆನಲ್ಲ, ಈಗ ನನಗೆ ಯಾವ ಬಾಯಿ ಇದೆ?" ಎಂದು ಅತ್ತರು.

ಮೂರನೆಯ ಭೇಟಿಯಲ್ಲಿ ಒಂದು ಹಾಳೆ ಕೊಟ್ಟು, ಯಾವ ಹೊಣೆ ಯಾರದೆಂದು ಬರೆಯಲು ಹೇಳಿದೆ. ತಪ್ಪಿತಸ್ಥ ಭಾವ ಆವರಿಸಿದ ಮನಸ್ಸು ಎಲ್ಲರ ಪಾಲನ್ನೂ ತಾನೇ ಹೊತ್ತುಕೊಳ್ಳುತ್ತದೆ. ಬರೆಯಲು ತೊಡಗಿದಾಗ ಪಾಲುಗಳು ಬೇರೆಯಾಗುತ್ತವೆ. ಸಭೆ ಕರೆಯಲು ದಿನಾಂಕ ಕೊಡುವುದು ಅಧ್ಯಕ್ಷರ ಹೊಣೆ. ದಿನಾಂಕ ಕೇಳುವುದು, ಸೂಚನಾ ಪತ್ರ ಮತ್ತು ಕಾರ್ಯಸೂಚಿ ಕಳುಹಿಸುವುದು, ನಡೆದದ್ದನ್ನು ನಡೆದಂತೆ ದಾಖಲಿಸುವುದು ತಮ್ಮ ಹೊಣೆ ಎಂದು ಅವರು ಬರೆದರು. ಆ ಬಳಿಕ ತಾವಾಗಿಯೇ ವಿಭಾಗದಿಂದ ಮೇಲಕ್ಕೆ ಗೆರೆ ಎಳೆದು ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್ ಎಂದು ಬರೆಯುತ್ತ ಹೋದರು. "ಮೇಲಿನವರು ಯಾರೂ ಶಾಲೆಗೆ ಹೋಗಿ ನೋಡುವುದಿಲ್ಲ, ನಾವು ಕಳುಹಿಸಿದ ಕಾಗದವನ್ನು ನೋಡುತ್ತಾರೆ. ನಮ್ಮ ಕಾಗದವೇ ಸುಳ್ಳಾದರೆ ಅವರ ನಿಗಾ ಎಲ್ಲವೂ ಸುಳ್ಳಿನ ಮೇಲೆ ನಿಂತಂತಲ್ಲವೇ?" ಎಂದರು. ಈ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಹೀಗೆ ಅವರ ನಿದ್ರೆ ಕೆಡಿಸಿದ್ದು ರೋಗವಲ್ಲ, ತಮ್ಮ ಕೆಲಸದ ಅರ್ಥ ಚೆನ್ನಾಗಿ ಗೊತ್ತಿದ್ದುದೇ ಎಂದು ನನಗೆ ಸ್ಪಷ್ಟವಾಯಿತು.

ಉಳಿದದ್ದು ಗುರುವಿನ ಋಣದ ಪ್ರಶ್ನೆ. ಅವರಿಂದ ಕಲಿತದ್ದರಲ್ಲಿ ಇಂದಿಗೂ ಉಳಿದಿರುವುದು ಯಾವುದೆಂದು ಕೇಳಿದೆ. ಪ್ರಬಂಧದ ಒಂದು ಕೋಷ್ಟಕದಲ್ಲಿ ಎರಡು ಶಾಲೆಗಳ ಮಾಹಿತಿಯನ್ನು ಅಂದಾಜಿನಿಂದ ತುಂಬಿದ್ದಾಗ, ಅದೇ ಗುರುಗಳು ಆ ಅಧ್ಯಾಯವನ್ನು ವಾಪಸ್ಸು ಕೊಟ್ಟು, ಬಸ್ಸು ಹತ್ತಿಸಿ ಆ ಶಾಲೆಗಳಿಗೆ ಮತ್ತೆ ಕಳುಹಿಸಿದ್ದರಂತೆ. ಹೇಳುತ್ತ ಹೇಳುತ್ತಲೇ ಅವರ ದನಿ ಗಟ್ಟಿಯಾಯಿತು.

ನಾನು ಕೊಟ್ಟ ಸಲಹೆ ಇದು. ನಡೆಯದ ಸಭೆಗೆ ನಡಾವಳಿ ಬರೆಯಬೇಡಿ. ಆದರೆ "ಬರೆಯಲಾರೆ" ಎಂಬಲ್ಲಿಗೆ ಮಾತು ನಿಲ್ಲಿಸಲೂ ಬೇಡಿ, ಏಕೆಂದರೆ ಅದು ಗುರುಗಳಿಗೆ ತಿರಸ್ಕಾರವಾಗಿ ಕೇಳಿಸುತ್ತದೆ, ವಿದ್ಯಾರ್ಥಿಗಳಿಗೂ ದಾರಿ ತೆರೆಯುವುದಿಲ್ಲ. ಫೋನಿನಲ್ಲಿ ಬೇಡ, ಖುದ್ದಾಗಿ ಹೋಗಿ, "ಸರ್, ಸಭೆ ಇನ್ನೂ ನಡೆಯಬೇಕಿದೆ, ಒಂದು ದಿನಾಂಕ ಕೊಡಿ, ಉಳಿದ ಸಿದ್ಧತೆ ನಾನು ಮಾಡುತ್ತೇನೆ" ಎನ್ನಿ. ಅದೇ ಕೋರಿಕೆಯನ್ನು ಬರಹದಲ್ಲಿಯೂ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ. ಕಾರ್ಯಸೂಚಿಯಲ್ಲಿ ಮೂರು ಸಭೆಗಳು ನಡೆಯದಿರುವುದನ್ನೂ, ಹಾಜರಾತಿ ಕೊರತೆಯಿರುವವರು ಉಳಿದ ವಾರಗಳನ್ನು ಪೂರೈಸುವ ಬಗೆಯನ್ನೂ ಸೇರಿಸಿ. ಸಭೆಯಲ್ಲಿ ನಿಮ್ಮ ಅಭಿಪ್ರಾಯಕ್ಕೆ ಒಪ್ಪಿಗೆ ಸಿಗದಿದ್ದರೆ ಭಿನ್ನಾಭಿಪ್ರಾಯವನ್ನು ದಾಖಲಿಸಲು ಕೇಳಿ. ನೀವು ಮೌನವಾಗಿದ್ದ ತಿಂಗಳುಗಳ ಬಗ್ಗೆ ಯಾರಾದರೂ ಪ್ರಶ್ನಿಸಿದರೆ, ದಿನಾಂಕ ಕೇಳದೆ ಇದ್ದದ್ದು ನನ್ನ ತಪ್ಪು ಎಂದು ಒಪ್ಪಿಕೊಳ್ಳಿ. ನಿಮ್ಮ ಪಾಲು ಅಷ್ಟೇ, ಅದಕ್ಕಿಂತ ಹೆಚ್ಚನ್ನು ಹೊರಬೇಡಿ. ಗುರುಗಳು ಮುನಿಸಿಕೊಳ್ಳುವುದಿಲ್ಲವೆಂಬ ಭರವಸೆಯನ್ನು ನಾನು ಕೊಡಲಿಲ್ಲ. ಮುನಿಸಿಕೊಂಡರೆ ಆ ವಾರಗಳನ್ನು ಹೇಗೆ ಕಳೆಯುವುದು, ಮನೆಯಲ್ಲಿ ಯಾರೊಡನೆ ಹೇಳಿಕೊಳ್ಳುವುದು ಎಂಬುದನ್ನೂ ಮೊದಲೇ ಮಾತನಾಡಿಕೊಂಡೆವು.

ಅಧ್ಯಕ್ಷರು ಒಂದು ವಾರ ಉತ್ತರಿಸಲಿಲ್ಲ. ನಂತರ ದಿನಾಂಕ ಕೊಟ್ಟರು. ಏಳು ಸದಸ್ಯರಲ್ಲಿ ಐವರು ಬಂದಿದ್ದರು. ಒಬ್ಬರು ನಡಾವಳಿಗೆ ಸಹಿ ಹಾಕದೆ ಎದ್ದುಹೋದರು. ಆಂತರಿಕ ಅಂಕ ಅಂತಿಮಗೊಳ್ಳುವ ಮುನ್ನ ಎಂಟು ಮಂದಿಯೂ ಕೊರತೆಯಾದ ವಾರಗಳನ್ನು ಪೂರೈಸಬೇಕೆಂದು, ಕೂಸಿನ ತಾಯಿಗೆ ಮನೆಯ ಸಮೀಪದ ಸರ್ಕಾರಿ ಪ್ರೌಢಶಾಲೆಯನ್ನು ಗೊತ್ತುಮಾಡಬೇಕೆಂದು ತೀರ್ಮಾನವಾಯಿತು. ಆಕೆಯ ಪಾಠ ನೋಡಲು ಅಧ್ಯಾಪಕಿಯೇ ಎರಡು ಬಾರಿ ಹೋಗಿಬಂದರು.

ನಿದ್ರೆ ಈಗ ಬಹುಮಟ್ಟಿಗೆ ಮರಳಿದೆ. ಗುರುಗಳು ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತನಾಡುತ್ತಾರೆ, "ಅಮ್ಮ" ಎನ್ನುವುದನ್ನು ಬಿಟ್ಟು "ಮೇಡಂ" ಎನ್ನುತ್ತಾರೆ. ಅದು ಅಧ್ಯಾಪಕಿಯನ್ನು ಬಹಳ ನೋಯಿಸಿದೆ. ಆ ನೋವಿನ ಬಗ್ಗೆಯೇ ಮಾತನಾಡಲು ಇನ್ನೆರಡು ಭೇಟಿಗಳನ್ನು ನಿಗದಿ ಮಾಡಿಕೊಂಡಿದ್ದೇವೆ.